ಚೀಟಿ ಎಣಿಸುವ ಮೊದಲು ಸಿನಿಮಾ ನಿಲ್ಲಿಸಿದೆ

ನಾಯಕತ್ವದ ತರಗತಿಗೆ ಮೊದಲ ಸಲ ಸಿನಿಮಾ ತಂದಾಗ ಪೂರ್ತಿ ಹಾಕಿಬಿಟ್ಟೆ. ‘12 ಆಂಗ್ರಿ ಮೆನ್’, 1957ರ ಕಪ್ಪು ಬಿಳುಪು ಚಿತ್ರ, 96 ನಿಮಿಷ. ಮುಗಿದಾಗ ಉಳಿದಿದ್ದು ಹತ್ತೇ ನಿಮಿಷ. “ಇದರಲ್ಲಿ ನಾಯಕ ಯಾರು?” ಅಂತ ಕೇಳಿದೆ. “ಹೀರೋನೇ ಸರ್” ಎಂದರು. ಚರ್ಚೆ ಅಲ್ಲಿಗೇ ಮುಗಿಯಿತು. ಗೆದ್ದವನನ್ನು ತೋರಿಸಿಯಾದ ಮೇಲೆ ಬೇರೆ ಉತ್ತರ ಯಾಕೆ ಬರುತ್ತೆ, ಅಲ್ವಾ?

ಈಗ ಸುಮಾರು ಅರ್ಧ ಗಂಟೆಯಷ್ಟು ಮಾತ್ರ ತೋರಿಸುತ್ತೇನೆ. ತಂದೆಯನ್ನು ಕೊಂದ ಆರೋಪ ಹೊತ್ತ ಹುಡುಗನ ಬಗ್ಗೆ 12 ಜನ ಜ್ಯೂರಿ ಸದಸ್ಯರು, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸಲು ಕೋರ್ಟು ಕೂರಿಸಿದ ಸಾಮಾನ್ಯ ಜನ, ಒಮ್ಮತಕ್ಕೆ ಬರಬೇಕು. ಕೈ ಎತ್ತಿಸಿದಾಗ 11 ಜನ ‘ತಪ್ಪಿತಸ್ಥ’ ಅನ್ನುತ್ತಾರೆ. ಹೆನ್ರಿ ಫೋಂಡಾ ಮಾಡಿದ 8ನೇ ಸದಸ್ಯ ಮಾತ್ರ ಒಪ್ಪುವುದಿಲ್ಲ. ಈ ದೃಶ್ಯವನ್ನು ಇನ್ನೊಮ್ಮೆ ಸದ್ದಿಲ್ಲದೆ ಹಾಕುತ್ತೇನೆ. ಕೆಲವು ಕೈ ತಟ್ಟನೆ ಮೇಲೇಳುತ್ತವೆ, ಕೆಲವು ನಿಧಾನಕ್ಕೆ. ಮೊದಲ ಸಲ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸ್ವಲ್ಪ ವಾದ ನಡೆದ ಮೇಲೆ ಅವನು ಒಂದು ಪಣ ಇಡುತ್ತಾನೆ. ನೀವು 11 ಜನ ಗುಟ್ಟಾಗಿ ಚೀಟಿ ಬರೆಯಿರಿ, ಎಲ್ಲ ಚೀಟಿಯಲ್ಲೂ ‘ತಪ್ಪಿತಸ್ಥ’ ಅಂತಿದ್ದರೆ ನಾನೂ ನಿಮ್ಮ ಜೊತೆ. ಎಣಿಕೆಗೆ ಮುಂಚೆ ಸಿನಿಮಾ ನಿಲ್ಲಿಸಿ, ನನ್ನ ವಿದ್ಯಾರ್ಥಿಗಳಿಗೂ ಚೀಟಿ ಹಂಚುತ್ತೇನೆ. ನೀವಾಗಿದ್ದರೆ ಈ ಪಣ ಇಡುತ್ತಿದ್ದಿರಾ? ಹೆಸರು ಬೇಡ, ಕಾರಣ ಒಂದೇ ಸಾಲಲ್ಲಿ.

ಒಂದು ಚೀಟಿಯಲ್ಲಿತ್ತು: “ಇಡಲ್ಲ. ಹುಡುಗನ ಜೀವ ಪಣಕ್ಕಿಡೋಕೆ ಇವನ್ಯಾರು?” ಇನ್ನೊಂದರಲ್ಲಿ: “ಇಡ್ತೀನಿ. ಕೈ ಎತ್ತುವಾಗ ಪಕ್ಕದವರ ಮುಖ ನೋಡ್ತೀವಿ, ಚೀಟಿ ಬರೆಯುವಾಗ ನೋಡಲ್ಲ.” ನಾನು ವಾರಗಟ್ಟಲೆ ಸ್ಲೈಡ್ ಹಾಕಿ ಹೇಳಿದ್ದಕ್ಕಿಂತ ಇದು ಜಾಸ್ತಿ. ಆಮೇಲೆ ನಾನು ಬಾಯಿ ಬಿಡಬೇಕಾಗಲಿಲ್ಲ.

ಅರ್ಧ ತರಗತಿಗೆ ಇನ್ನೊಂದು ಕೆಲಸವೂ ಇರುತ್ತದೆ: ಹೀರೋನ ಬಿಟ್ಟು ಫೋರ್‌ಮನ್‌ನನ್ನು, ಅಂದರೆ ಜ್ಯೂರಿಯ ಮುಖ್ಯಸ್ಥನನ್ನು ಮಾತ್ರ ನೋಡುವುದು. ಅಧಿಕಾರದ ಕುರ್ಚಿ ಅವನದು. “ಅವನೇನೂ ಮಾಡಲ್ಲ ಸರ್” ಅಂದರು ಒಂದಿಬ್ಬರು. ಹಿಂದಿನ ಬೆಂಚಿನ ಹುಡುಗಿ ಬಿಡಲಿಲ್ಲ. ಕೂರಿಸಿದ್ದು ಯಾರು, ಒಬ್ಬರಾದ ಮೇಲೆ ಒಬ್ಬರು ಮಾತಾಡುವ ಹಾಗೆ ನೋಡಿಕೊಂಡಿದ್ದು ಯಾರು, ಚೀಟಿ ಎಣಿಸುವುದು ಯಾರು ಅಂತ ಕೇಳಿದಳು.

ಕೊನೆ ತೋರಿಸಿ ಅಂತ ಪ್ರತಿ ಸಲ ಗಲಾಟೆ. ಮನೇಲಿ ನೋಡಿ ಅನ್ನುತ್ತೇನೆ. ಮುಂದಿನ ಕ್ಲಾಸಿಗೆ ಜಗಳ ಹೊತ್ತುಕೊಂಡೇ ಬರುತ್ತಾರೆ: 8ನೇ ಸದಸ್ಯ ಮಾಡಿದ ಹಾಗೆ, ಜ್ಯೂರಿಯಲ್ಲಿ ಕೂತವನು ತಾನೇ ಹೊರಗೆ ಹೋಗಿ ಕೊಲೆಗೆ ಬಳಸಿದ ಚಾಕುವಿನಂಥದ್ದೇ ಇನ್ನೊಂದು ಕೊಂಡು ತರಬಹುದಾ?