ಮೊದಲ ಎರಡು ವಾರ ಮಾತೇ ಬೇಡ ಅಂದೆ

ಈ ಬೇಸಿಗೆಯಲ್ಲಿ ತೆಗೆದುಕೊಂಡ ಎಂಟು ಇಂಟರ್ನ್‌ಗಳೂ ಆಗಸ್ಟ್ ಕೊನೆಯವರೆಗೆ ಉಳಿದರು. ನಾಲ್ಕು ವರ್ಷದ ಹಿಂದೆ ಆರು ಜನ ಇದ್ದರು. ಅವರಲ್ಲಿ ಮೂವರು ಜುಲೈ 4ರ ಅಮೆರಿಕದ ಸ್ವಾತಂತ್ರ್ಯ ದಿನದ ರಜೆಗೆ ಹೋದವರು ತಿರುಗಿ ಬರಲೇ ಇಲ್ಲ.

ನಾನು ಕೆಲಸ ಮಾಡುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಹಳೆಯ ಜಮೀನಿನ ಮನೆಯಲ್ಲಿ, ಅದೀಗ ಮ್ಯೂಸಿಯಂ. ಆ ಕಾಲದ ಉಡುಪು ತೊಟ್ಟು, ಆ ಕಾಲದ ಕೆಲಸ ಮಾಡುತ್ತಾ ನಾವು ತೋರಿಸುವುದು 1830ರ ದಶಕದ ಬದುಕು. ಮೊದಲ ವರ್ಷ ಎಲ್ಲರೂ ಮಾಡುವ ಹಾಗೆ ನಾನೂ ನೋಡಲು ಬಂದವರಿಗೆ ಹೇಳಬೇಕಾದ್ದನ್ನು ಹದಿನಾಲ್ಕು ಪುಟ ಬರೆದು ಇಂಟರ್ನ್‌ಗಳಿಗೆ ಬಾಯಿಪಾಠ ಮಾಡಿಸಿದೆ. ಹುಡುಗರು ಚೆನ್ನಾಗಿಯೇ ಒಪ್ಪಿಸಿದರು. ಆದರೆ "ಈ ಹಸು ಒದೆಯುತ್ತಾ?" ಎಂದು ಒಂದು ಮಗು ಕೇಳಿದರೆ ಉತ್ತರ ಇರಲಿಲ್ಲ. ಯಾರೂ ಹಾಲು ಕರೆದೇ ಇರಲಿಲ್ಲ.

ಮರುವರ್ಷ ಆ ಕಾಗದ ಎತ್ತಿಟ್ಟೆ. ಮೊದಲ ಎರಡು ವಾರ ಬರೀ ಕೆಲಸ. ಬಂದವರ ಜೊತೆ ಮಾತಾಡಲು ಪಕ್ಕದಲ್ಲಿ ಹಳಬರು ಇರುತ್ತಾರೆ. ಮೂರನೇ ವಾರದಿಂದ ಮಾತಾಡಬಹುದು, ಆದರೆ ಕೈ ಆಡುತ್ತಿರಬೇಕು. "ಟಿಕೆಟ್ ಕೊಟ್ಟು ಬಂದವರು ಮೂಕರನ್ನು ನೋಡ್ತಾರಾ?" ಎಂದು ಜೊತೆಯವರು ಕೇಳಿದರು. ನೋಡಿದರು! ಸುಮ್ನೆ ಕೆಲಸ ಮಾಡುವವರ ಹತ್ತಿರ ಜನ ತಾವಾಗಿ ಬಂದು ನಿಲ್ಲುತ್ತಾರೆ. ಮಕ್ಕಳನ್ನು ಮಾತಿಗೆಳೆಯಲು ನಾವು ಮೊದಲು ಕೇಳುವ ಪ್ರಶ್ನೆಯೊಂದಿದೆ. ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ದುಡ್ಡು ಹೋಗಿದ್ದು ಬಟ್ಟೆಗೆ. ಮೊದಲ ವರ್ಷ ಸಿದ್ಧ ಉಡುಪು ತರಿಸಿದೆ, ಬೂಟು ಸೇರಿ ತಲೆಗೆ ಸುಮಾರು ಮುನ್ನೂರು ಡಾಲರ್. ಅಪ್ಪಟ ಹತ್ತಿ ಅಂದುಕೊಂಡಿದ್ದೆ. ಒಲೆಯ ಕಿಡಿ ಹಾರಿ ಒಬ್ಬಳ ಲಂಗದಲ್ಲಿ ತೂತಾಯಿತು, ಅಂಚು ಕರಗಿ ಗಟ್ಟಿಯಾಯಿತು. ಪಾಲಿಯೆಸ್ಟರ್ ಬೆರಕೆ! ಅದು ಕರಗಿ ಚರ್ಮಕ್ಕೆ ಅಂಟಿದ್ದರೆ? ಅವತ್ತೇ ಅಷ್ಟೂ ಬಟ್ಟೆ ಮೂಲೆಗೆ ಹಾಕಿದೆ. ಈಗ ನಾವೇ ಹೊಲಿಯುತ್ತೇವೆ. ಒಲೆ ಕೆಲಸದವರಿಗೆ ಮೇಲೆ ಉಣ್ಣೆಯ ಏಪ್ರನ್, ಅದಕ್ಕೆ ಬೇಗ ಬೆಂಕಿ ಹತ್ತುವುದಿಲ್ಲ. ಎಲಿಯಾಸ್ ಹೋವ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದೇ 1846ರಲ್ಲಿ. ಹಾಗಾಗಿ ಕಾಣುವ ಹೊಲಿಗೆ ಎಲ್ಲ ಕೈಯಲ್ಲಿ, ಒಳಗಿನದು ಮೆಷಿನ್ನಿನಲ್ಲಿ. ಬೂಟು ಬಿಟ್ಟು ತಲೆಗೆ ನೂರಿಪ್ಪತ್ತು ಡಾಲರ್ ಬೀಳುತ್ತದೆ. ಒಳಗೆ ಬಟ್ಟೆ ಜಾಸ್ತಿ ಮಡಚಿ ಹೊಲಿದರೆ ಮುಂದಿನ ವರ್ಷ ಬೇರೆ ಅಳತೆಯವರಿಗೂ ಬಿಚ್ಚಿ ಕೊಡಬಹುದು. ಬಟ್ಟೆ ತರುವ ಅಂಗಡಿ ನನ್ನ ಗುಟ್ಟು.

ಬೆಣ್ಣೆಯಲ್ಲೂ ಸೋತಿದ್ದೆ. ಜುಲೈ ಮಧ್ಯಾಹ್ನ ಜನ ಜಾಸ್ತಿ ಅಂತ ಆಗಲೇ ಕಡೆಯಲು ಕೂರಿಸಿದೆ. ಕೆನೆ ಬಿಸಿಯಾಗಿ ಬೆಣ್ಣೆ ಜಿಡ್ಡುಜಿಡ್ಡಾಗಿ ಬಂತು, ಉಂಡೆಯೇ ಕಟ್ಟಲಿಲ್ಲ. ಕೆನೆ 15-16 ಡಿಗ್ರಿ ಸೆಲ್ಸಿಯಸ್ ಇರಬೇಕು. ಈಗ ಬೆಳಿಗ್ಗೆ ಒಂಬತ್ತಕ್ಕೇ ಶುರು, ಅದಕ್ಕೂ ಮೊದಲು ಪಾತ್ರೆ ಬಾವಿಯ ನೀರಿನಲ್ಲಿ. ಅರ್ಧ ಗಂಟೆಯಲ್ಲಿ ಬೆಣ್ಣೆ ಬರುತ್ತದೆ. ಒಂದು ಭಾನುವಾರ ಇಂಟರ್ನ್‌ಗಳನ್ನು ಮನೆಗೆ ಕರೆದು ಕಂಬಕ್ಕೆ ಹಗ್ಗ ಕಟ್ಟಿ ಅಜ್ಜಿಯ ಹಾಗೆ ಕಡೆಗೋಲಿನಲ್ಲಿ ಮೊಸರು ಕಡೆಸಿದೆ. ಇಪ್ಪತ್ತೇ ನಿಮಿಷ ಹಿಡಿಯಿತು. ಮಜ್ಜಿಗೆ ಒಂದು ಲೋಟವೂ ಉಳಿಯಲಿಲ್ಲ. ಅದನ್ನು ಜಮೀನಿಗೆ ಮಾತ್ರ ಒಯ್ಯಲಿಲ್ಲ. ಬಂದವರು ಅದೂ ಇಲ್ಲಿನದೇ ಅಂದುಕೊಂಡಾರು ಅಲ್ವಾ?

ಈ ಉಡುಪಿನಲ್ಲಿ ನನ್ನನ್ನು ನೋಡಿದವರು "ಆಗ ಇಲ್ಲಿ ಭಾರತದವರಿದ್ದರಾ?" ಎನ್ನುತ್ತಾರೆ. ಆದರೆ ನಾವು ಪಾತ್ರ ಮಾಡುವುದಿಲ್ಲ. ಇದೇ ರಾಜ್ಯದ ಪ್ಲಿಮತ್‌ನಲ್ಲಿ, 17ನೇ ಶತಮಾನದ ವಲಸಿಗರ ಊರನ್ನು ತೋರಿಸುವ ಮ್ಯೂಸಿಯಂನಲ್ಲಿ, ಪಾತ್ರವೇ ಆಗಿ "ನಾನು" ಎಂದು ಮಾತಾಡುವ ಪದ್ಧತಿ ಇದೆ. ನಾವು ಓಲ್ಡ್ ಸ್ಟರ್ಬ್ರಿಜ್ ವಿಲೇಜ್ ಎಂಬ ಇನ್ನೊಂದು ಮ್ಯೂಸಿಯಂನವರ ಹಾಗೆ "ಅವರು ಹೀಗೆ ಮಾಡುತ್ತಿದ್ದರು" ಅನ್ನುತ್ತೇವೆ. ಇದರಿಂದ ಕಷ್ಟದ ಮಾತೂ ನೇರವಾಗಿ ಆಡಬಹುದು. ಈ ವರ್ಷ ಒಬ್ಬ ಹುಡುಗಿ ತನ್ನ ಲಂಗವನ್ನೇ ಹಿಡಿದು, ಇದೇ ರಾಜ್ಯದ ಲೊವೆಲ್ ಊರಿನ ಬಟ್ಟೆ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯನ್ನು ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬಿಡಿಸುತ್ತಿದ್ದರು ಎಂದು ಹೇಳಿದಳು. ಕೈಯಲ್ಲಿ ಸೂಜಿ ಓಡುತ್ತಲೇ ಇತ್ತು. ಅಲ್ಲಿದ್ದ ಹತ್ತು ಹನ್ನೆರಡು ಜನರಲ್ಲಿ ಒಬ್ಬರೂ ಕದಲಲಿಲ್ಲ.

ಮುಂದಿನ ವರ್ಷ ಹತ್ತು ಇಂಟರ್ನ್‌ಗಳಿಗೆ ಸ್ಟೈಪೆಂಡ್ ಕೊಡಲು ಮ್ಯೂಸಿಯಂನವರು ಒಪ್ಪಿದ್ದಾರೆ. ಫೆಬ್ರವರಿಯಲ್ಲೇ ಅಳತೆ ತರಿಸಿಕೊಳ್ಳುತ್ತೇನೆ. ಈ ಸಲ ಮೇ ತಿಂಗಳಲ್ಲಿ ಹೊಲಿಯಲು ಕೂತು, ಕೊನೆಯ ಎರಡು ಲಂಗ ಅವರು ಬರುವ ಹಿಂದಿನ ರಾತ್ರಿ ಮುಗಿದವು.