ಬೇಸಿಗೆಯ ಕೈತೋಟ: ನೀರು, ಹೊದಿಕೆ, ನೆರಳು

ದಿನಾ ಮೇಲ್ಮೇಲೆ ನೀರು ಚಿಮುಕಿಸಿದರೆ ಬೇರುಗಳು ಮೇಲ್ಮಣ್ಣಿನಲ್ಲೇ ಉಳಿದು ಬಿಸಿಲಿಗೆ ಬಲಿಯಾಗುತ್ತವೆ. ಬೆಳಿಗ್ಗೆ ಬೇಗ, ಬುಡಕ್ಕೆ, ಒಂದು ಗೇಣು ಆಳ ನೆನೆಯುವಷ್ಟು ನಿಧಾನವಾಗಿ ಹಾಕಿ. ಬೆರಳನ್ನು 2 ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಮತ್ತೆ ನೀರು. ಕುಂಡಗಳಿಗೆ ದಿನವೂ ಬೇಕಾದೀತು. ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ಚೇತರಿಸಿಕೊಂಡರೆ ಗಾಬರಿ ಬೇಡ. ಮಣ್ಣು ಒದ್ದೆಯಿದ್ದೂ ಬೆಳಿಗ್ಗೆಯೇ ಜೋತುಬಿದ್ದಿದ್ದರೆ ಬೇರು ಕೊಳೆತಿರಬಹುದು, ಇಲ್ಲವೇ ಸೊರಗು ರೋಗ. ಆಗ ಇನ್ನಷ್ಟು ನೀರು ಸುರಿಯಬೇಡಿ.

ಬುಡದ ಸುತ್ತ ಒಣ ಎಲೆ ಅಥವಾ ಹುಲ್ಲನ್ನು 2–3 ಇಂಚು ದಪ್ಪ ಹರಡಿ. ಕಾಂಡಕ್ಕೆ ತಾಗಿದರೆ ಕೊಳೆಯುತ್ತದೆ, ಎರಡು ಬೆರಳು ಜಾಗ ಬಿಡಿ.

ಟೊಮೆಟೊ ಹೂ ಉದುರುತ್ತಿದೆಯೇ? ಹಗಲಿನ ಉಷ್ಣತೆ 35 ಡಿಗ್ರಿ ದಾಟಿದರೆ ಪರಾಗ ಬಲ ಕಳೆದುಕೊಂಡು ಕಾಯಿ ಕಚ್ಚುವುದಿಲ್ಲ. ಇದಕ್ಕೆ ಗೊಬ್ಬರ ಮದ್ದಲ್ಲ (ಸಾರಜನಕ ಹೆಚ್ಚಾದರೆ ಬರೀ ಸೊಪ್ಪು). ಮಧ್ಯಾಹ್ನದ ಹೊತ್ತಿಗೆ ಶೇ. 30–50ರಷ್ಟು ಬಿಸಿಲು ತಡೆಯುವ ನೆರಳುಬಲೆ ಕಟ್ಟಿ. ಕಾಯಿಯ ತುದಿ ಕಪ್ಪಾಗಿ ಒಣಗುವುದಕ್ಕೆ ಸಾಮಾನ್ಯವಾಗಿ ಕಾರಣ ನೀರಿನ ಏರುಪೇರು: ಸುಣ್ಣದಂಶ ಮಣ್ಣಿನಲ್ಲಿದ್ದರೂ ಕಾಯಿಗೆ ತಲುಪುವುದಿಲ್ಲ.

ಎಲೆಯಡಿ ಸಣ್ಣ ಬಲೆ, ಮೇಲೆ ಹಳದಿ ಚುಕ್ಕೆ ಕಂಡರೆ ಕೆಂಪು ನುಸಿ. ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹಾಯಿಸಿ ತೊಳೆಯಿರಿ. ಬೆಂಡೆ, ಸೌತೆಯನ್ನು ಎರಡು ದಿನಕ್ಕೊಮ್ಮೆ ಕೀಳಿ; ಬಲಿಯಲು ಬಿಟ್ಟರೆ ಹೊಸ ಕಾಯಿ ಕಡಿಮೆ.