ಆರ್‌ವಿ ಪ್ರವಾಸಕ್ಕೆ ಕಾನೂನುಬದ್ಧ ವಾಕಿಟಾಕಿ: ಆಯ್ಕೆ ಹೇಗೆ?

ಅಮೆರಿಕದಲ್ಲಿ ಆರ್‌ವಿ (ಮನೆಯಂತೆ ವಾಸಿಸಬಹುದಾದ ಪ್ರವಾಸಿ ವಾಹನ) ಪ್ರವಾಸಕ್ಕೆಂದು ವಾಕಿಟಾಕಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಮೈಲಿಗಳ ಲೆಕ್ಕಕ್ಕೆ ಮರುಳಾಗದೆ, ಆ ಉಪಕರಣ ಯಾವ ರೇಡಿಯೊ ಸೇವೆಗೆ ಸೇರಿದ್ದು ಎಂಬುದನ್ನು ಮೊದಲು ನೋಡಬೇಕು. ಪರವಾನಗಿ ಬೇಕೇ, ಎಷ್ಟು ವ್ಯಾಟ್ ಬಳಸಬಹುದು, ಆಂಟೆನಾ ಬದಲಿಸಬಹುದೇ ಎಂಬುದನ್ನೆಲ್ಲ ಅಲ್ಲಿನ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ಆಯಾ ಸೇವೆಗೆ ತಕ್ಕಂತೆ ಗೊತ್ತುಪಡಿಸಿದೆ.

ಒಂದೇ ವಾಹನದಲ್ಲಿ ಹೋಗುವ ಕುಟುಂಬಕ್ಕೆ ಎಫ್‌ಆರ್‌ಎಸ್ (ಫ್ಯಾಮಿಲಿ ರೇಡಿಯೊ ಸರ್ವಿಸ್ ಎಂಬ ಸೇವೆ) ಸೆಟ್ಟುಗಳೇ ಸಾಕು ಎಂಬುದು ನನ್ನ ಅಭಿಪ್ರಾಯ. ತಂಗುದಾಣದ ಕಿರಿದಾದ ಜಾಗಕ್ಕೆ ವಾಹನವನ್ನು ರಿವರ್ಸ್ ತೆಗೆಯುವಾಗ, ಹಿಂದೆ ನಿಂತವರು ‘ಇನ್ನು ಮೂರಡಿ ಬನ್ನಿ, ಮೇಲೆ ಕೊಂಬೆಯಿದೆ, ನಿಲ್ಲಿಸಿ’ ಎಂದು ಮೆಲುದನಿಯಲ್ಲೇ ಹೇಳಬಹುದು. ಇದಕ್ಕೆ ಪರವಾನಗಿ ಬೇಡ. ಇದರ 22 ಚಾನೆಲ್‌ಗಳಲ್ಲಿ 8ರಿಂದ 14ರವರೆಗೆ ಅರ್ಧ ವ್ಯಾಟ್, ಉಳಿದವುಗಳಲ್ಲಿ 2 ವ್ಯಾಟ್ ಮಿತಿಯಿದೆ, ಆಂಟೆನಾವನ್ನು ಕಳಚುವಂತಿಲ್ಲ. ಸೆಟ್ಟಿನಲ್ಲಿರುವ ‘ಪ್ರೈವೆಸಿ ಕೋಡ್’ ಎಂಬ ಸೋಸುವ ಸಂಕೇತವನ್ನು ಹಾಕಿಕೊಂಡರೆ ಇತರರ ಮಾತು ನಮಗೆ ಕೇಳಿಸದೇ ಹೋಗಬಹುದು, ಆದರೆ ನಮ್ಮ ಮಾತು ಗುಟ್ಟಾಗಿ ಉಳಿಯುವುದಿಲ್ಲ.

ಎರಡು ಮೂರು ವಾಹನಗಳು ಜೊತೆಯಾಗಿ ಹೆದ್ದಾರಿಯಲ್ಲಿ ಸಾಗುವುದಾದರೆ ಜಿಎಂಆರ್‌ಎಸ್ (ಜನರಲ್ ಮೊಬೈಲ್ ರೇಡಿಯೊ ಸರ್ವಿಸ್ ಎಂಬ ಸೇವೆ) ಮೇಲು. ಇದಕ್ಕೆ ಪರವಾನಗಿ ಕಡ್ಡಾಯ. ಆದರೆ ಪರೀಕ್ಷೆಯಿಲ್ಲ, ಶುಲ್ಕ 35 ಡಾಲರ್, ಅವಧಿ 10 ವರ್ಷ, ಅರ್ಜಿದಾರರಿಗೆ 18 ತುಂಬಿರಬೇಕು. ಒಂದೇ ಪರವಾನಗಿಯಡಿ ಸಂಗಾತಿ, ಮಕ್ಕಳು, ತಂದೆತಾಯಿ ಮೊದಲಾದ ಹತ್ತಿರದ ಬಂಧುಗಳೂ ಮಾತನಾಡಬಹುದು, ಜೊತೆಗೆ ಬರುವ ಸ್ನೇಹಿತರು ಮಾತ್ರ ತಮ್ಮದೇ ಪರವಾನಗಿ ಪಡೆಯಬೇಕು. ಅವರು ಎಫ್‌ಆರ್‌ಎಸ್ ಸೆಟ್ ಇಟ್ಟುಕೊಂಡರೂ ಆದೀತು, ಚಾನೆಲ್‌ಗಳು ಎರಡಕ್ಕೂ ಒಂದೇ. ವಾಹನದಲ್ಲಿ ಕೂರಿಸುವ ಜಿಎಂಆರ್‌ಎಸ್ ಸೆಟ್ಟಿಗೆ 15ರಿಂದ 22ರ ಚಾನೆಲ್‌ಗಳಲ್ಲಿ 50 ವ್ಯಾಟ್‌ವರೆಗೆ ಅವಕಾಶವಿದೆ, ಹೊರಗೆ ಆಂಟೆನಾ ಹಾಕಿಸಬಹುದು.

ಟ್ರಕ್ ಚಾಲಕರಿಂದ ರಸ್ತೆಯ ಸುದ್ದಿ ತಿಳಿಯಬೇಕೆನ್ನುವವರಿಗೆ ಪರವಾನಗಿ ಬೇಡದ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೊ ಇದೆ. ಅವರ ಮಾತುಕತೆ ಹೆಚ್ಚಾಗಿ 19ನೇ ಚಾನೆಲ್‌ನಲ್ಲಿ ನಡೆಯುತ್ತದೆ. 9ನೆಯದು ತುರ್ತು ಕರೆಗಳಿಗೆ ಮೀಸಲು. ಆದರೆ ಸಾಮಾನ್ಯ ಸಿಬಿ ಆಂಟೆನಾಕ್ಕೆ ಕೆಳಗೆ ಲೋಹದ ಹಾಸು ಬೇಕಾಗುವುದರಿಂದ, ಫೈಬರ್‌ಗ್ಲಾಸ್ ಛಾವಣಿಯ ಆರ್‌ವಿಗಳಿಗೆ ಈ ಹಾಸು (ಗ್ರೌಂಡ್ ಪ್ಲೇನ್) ಬೇಡದ ಆಂಟೆನಾವನ್ನೇ ಕೇಳಿ ಕೊಳ್ಳಬೇಕು.

ಅಗ್ಗವೆಂದು ಹವ್ಯಾಸಿ (ಹ್ಯಾಮ್) ರೇಡಿಯೊ ಸೆಟ್ಟನ್ನು ತಂದು ಈ ಚಾನೆಲ್‌ಗಳಿಗೆ ಹೊಂದಿಸಿಕೊಳ್ಳುವುದು ನಿಯಮಬಾಹಿರ. ಸೆಟ್ಟಿನ ಮೇಲೆ ಎಫ್‌ಸಿಸಿ ಐಡಿ ಇದ್ದ ಮಾತ್ರಕ್ಕೆ ಸಾಲದು. ಆ ಸಂಖ್ಯೆಯನ್ನು ಎಫ್‌ಸಿಸಿ ಜಾಲತಾಣದಲ್ಲಿ ಹುಡುಕಿ, ಎಫ್‌ಆರ್‌ಎಸ್‌ಗೆ ‘95ಬಿ’, ಜಿಎಂಆರ್‌ಎಸ್‌ಗೆ ‘95ಇ’ ಎಂಬ ನಿಯಮಭಾಗದಡಿಯ ಪ್ರಮಾಣೀಕರಣ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಪ್ರಯಾಣ ಕೆನಡಾಕ್ಕೂ ಮುಂದುವರಿಯುವುದಾದರೆ, ಅಲ್ಲಿ ಜಿಎಂಆರ್‌ಎಸ್‌ಗೆ 2 ವ್ಯಾಟ್‌ನ ಕೈಸೆಟ್ಟುಗಳಿಗಷ್ಟೇ ಅವಕಾಶವಿರುವುದರಿಂದ, 50 ವ್ಯಾಟ್‌ನ ಸೆಟ್ಟನ್ನು ಗಡಿ ದಾಟುವ ಮೊದಲೇ ಸ್ವಿಚ್ ಆಫ್ ಮಾಡಿಡಬೇಕು.